ಘಟ್ಟದ ಕೆಳಗೆ ಸೇವಂತಿಗೆ ಅಳೆದದ್ದು

ಕರಾವಳಿಯ ಆ ಊರು ಹೇಗೆ ಬೆಳೆಯಿತು ಎಂದು ಯಾರಾದರೂ ಕೇಳಿದರೆ ನಾನು ಮಾರಿನಲ್ಲಿ ಹೇಳಬಲ್ಲೆ, ಬೇರೆ ಅಳತೆ ನನಗೆ ಗೊತ್ತಿಲ್ಲ. ನಾನು ಹೂವು ಮಾರಲು ಹೋಗತೊಡಗಿದ ಹೊಸತರಲ್ಲಿ ಆಯುಧಪೂಜೆಗೆ ಒಂದು ಮನೆಗೆ ಎರಡು ಮಾರು ಸೇವಂತಿಗೆ ಸಾಕಾಗುತ್ತಿತ್ತು. ದೇವರಿಗೆ ಒಂದು, ಸೈಕಲ್ಲಿಗೂ ಹೊಲಿಗೆ ಮೆಷಿನ್ನಿಗೂ ಸೇರಿ ಇನ್ನೊಂದು. ಆಮೇಲೆ ಸ್ಕೂಟರ್ ಬಂತು, ಕಾರು ಬಂತು, ಮಗನಿಗೊಂದು ಸೊಸೆಗೊಂದು ಕಾರು ಬಂತು. ಈಗ ಫ್ಲಾಟಿನ ಲಿಫ್ಟಿಗೆ, ಜನರೇಟರಿಗೆ, ಗೇಟಿಗೆ, ಆಸ್ಪತ್ರೆಯ ಸ್ಕ್ಯಾನಿಂಗ್ ಮೆಷಿನ್ನಿಗೆ, ಎಲ್ಲಕ್ಕೂ ಹೂವು ಬೇಕು. ಒಬ್ಬ ಕಂಟ್ರಾಕ್ಟರು ಜೇಸಿಬಿಯ ಮೂತಿಗೆ ಕಟ್ಟಲು ಒಂದೇ ಸಲಕ್ಕೆ ಹತ್ತು ಮಾರು ಹೊತ್ತುಕೊಂಡು ಹೋದ. ಊರಿನ ಹೆಸರು ಬೇಡ. ಅಲ್ಲಿನ ಊರುಗಳೆಲ್ಲ ಈಗ ಒಂದೇ ಮುಖದವು.

ಮಾರು ಎಂದರೆ ಎರಡು ಕೈಗಳನ್ನೂ ನೇರವಾಗಿ ಚಾಚಿದಾಗ ಈ ನಡುಬೆರಳಿನಿಂದ ಆ ನಡುಬೆರಳಿನವರೆಗಿನ ಉದ್ದ. ಹೂವಿನ ಸರ ಎದೆಯ ಮೇಲೆ ಹಾಯಬೇಕು. ಇದರಲ್ಲಿ ಮೋಸ ಮಾಡುವುದು ಬಹಳ ಸುಲಭ, ಮೊಣಕೈಯನ್ನು ಒಂದಿಷ್ಟು ಮಡಚಿದರೆ ಮುಗಿಯಿತು. ನನಗೆ ಅಳತೆ ಕಲಿಸಿದವರು ನನ್ನ ಅತ್ತೆ. "ನಿಂತ್ಕಂಡು ಅಳಿ ಕಣವ್ವ. ಕೂತ್ಕಂಡು ಅಳ್ದ್ರೆ ಮೊಣಕೈ ಸುಳ್ಳೇಳ್ತದೆ" ಎನ್ನುತ್ತಿದ್ದರು. ಪ್ರತಿ ಗಿರಾಕಿಗೂ ಎದ್ದು ನಿಂತು, ಗದ್ದ ಎತ್ತಿ, ಕೈ ಚಾಚಿ ಅಳೆಯಬೇಕು, ಮತ್ತೆ ಕೂರಬೇಕು. ಹಬ್ಬದ ಹಿಂದಿನ ದಿನ ಇದನ್ನು ಎಷ್ಟು ಸಲ ಮಾಡುತ್ತೇವೋ ಮಂಡಿಗಳಿಗೇ ಗೊತ್ತು. ಅವರ ಇನ್ನೊಂದು ಕಟ್ಟಳೆ, ಒಂದು ಬುಟ್ಟಿಗೆ ಒಂದೇ ಕೈ. ಒಂದೇ ಬುಟ್ಟಿಯ ಹೂವನ್ನು ಇಬ್ಬರು ಅಳೆದರೆ ಒಬ್ಬಳ ಮಾರು ಉದ್ದ, ಇನ್ನೊಬ್ಬಳದು ಗಿಡ್ಡ ಆಗುತ್ತದೆ, ಜಗಳಕ್ಕೆ ನಾವೇ ಎಲೆಯಡಿಕೆ ಕೊಟ್ಟು ಕರೆದಂತಾಗುತ್ತದೆ. ನಮ್ಮ ಕಡೆಯಿಂದ ಹೂವಿಗೆ ಹೋಗುವವರೆಲ್ಲ ಇದನ್ನು ಪಾಲಿಸುತ್ತಾರೆ. ಸೆರಗಿನಲ್ಲಿ ಬೆವರು ಒರೆಸಿಕೊಳ್ಳುವುದಕ್ಕೂ ಪುರುಸೊತ್ತಿಲ್ಲದಾಗಲೂ ಪಕ್ಕದಲ್ಲಿ ಕೂತ ತಂಗಿಯ ಕೈಗೆ ಸರ ಕೊಡುವುದಿಲ್ಲ.

ನಾನು ಹುಟ್ಟಿದ್ದು ಗೊರೂರಿನ ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಅಣೆಕಟ್ಟೆಯ ಗೇಟು ನೋಡಿಕೊಳ್ಳುತ್ತಿದ್ದರು. ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದಿದೆ. ಆಮೇಲೆ ಚನ್ನರಾಯಪಟ್ಟಣದ ಕಡೆಯ ಒಂದು ಊರಿಗೆ ಕೊಟ್ಟರು. ಅಲ್ಲಿ ತೆಂಗು, ರಾಗಿ, ಮನೆಯ ಹಿಂದಿನ ತುಂಡು ಹೊಲದಲ್ಲಿ ಸೇವಂತಿಗೆ. ಚೌತಿ ಬಂತೆಂದರೆ ನಮ್ಮ ಕಡೆ ಎಲ್ಲರ ಹೊಲದಲ್ಲೂ ಹೂವು ಬಿಡುತ್ತದೆ, ಹಾಸನದ ಮಾರ್ಕೆಟ್ಟಿನಲ್ಲಿ ಕೇಳುವವರಿರುವುದಿಲ್ಲ. ಕಡಲ ಕಡೆಯವರಿಗೆ ನಮ್ಮ ಸೇವಂತಿಗೆ ಬೇಕು. ಮಲ್ಲಿಗೆ ಅವರದೇ ಇದೆ, ಅದಕ್ಕೆ ಚೆಂಡು, ಅಟ್ಟೆ ಎಂದು ಅವರದೇ ಅಳತೆ. ಸೇವಂತಿಗೆಗೆ ಮಾತ್ರ ಘಟ್ಟದ ಮೇಲಿನವರು ಇಳಿದು ಹೋಗಬೇಕು. ಹಾಗಾಗಿ ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ ಹೂವಿನ ಮೂಟೆಗಳ ಮೇಲೆಯೇ ಕುಲುಕಾಡುತ್ತ ಇಳಿಯುವುದು ನನ್ನ ಪಾಲಿಗೆ ಬಂತು. ಯಜಮಾನರು ಮುಂದಿನ ಊರಿನ ಲೋಡಿನ ಜೊತೆ ಹೋಗುತ್ತಾರೆ. ಒಂದೇ ಕಡೆ ಅರ್ಧ ಗಂಟೆ ಕೂರುವ ಜಾತಕ ಅವರದಲ್ಲ.

ನನ್ನ ಜಾಗ ಒಂದು ಔಷಧಿ ಅಂಗಡಿಯ ಮೆಟ್ಟಿಲ ಪಕ್ಕ. ಮೊದಲ ವರ್ಷ ಅಲ್ಲಿ ಎದುರಿಗೆ ಸಾಲಾಗಿ ಹೆಂಚಿನ ಮನೆಗಳಿದ್ದವು, ಪ್ರತಿ ಅಂಗಳದಲ್ಲೂ ಒಂದು ಬಾವಿ, ಒಂದು ತೆಂಗು. ವರ್ಷಕ್ಕೆರಡು ಸಲ ಹೋಗುವವಳಿಗೆ ಊರು ನೆಂಟರ ಮನೆಯ ಮಗುವಿದ್ದ ಹಾಗೆ. ಅಲ್ಲೇ ಇರುವವರಿಗೆ ಕಾಣದ್ದು ನಮಗೆ ಹೊಸಿಲಲ್ಲೇ ಕಾಣುತ್ತದೆ. ಒಂದು ಚೌತಿಗೆ ಬಾವಿಗಳಿಗೆ ಬಲೆ ಬಿದ್ದಿತ್ತು. ಇನ್ನೊಂದು ಚೌತಿಗೆ ಮೂರು ಮನೆಗಳು ಮಾಯವಾಗಿ ತಗಡಿನ ಬೇಲಿ ನಿಂತಿತ್ತು. ಅದರ ಮುಂದಿನ ಸಲ ಹೋದಾಗ ತಲೆ ಎತ್ತಿ ಮಹಡಿ ಎಣಿಸಲು ಹೋಗಿ ಕುತ್ತಿಗೆ ನೋಯಿತು. ರಸ್ತೆ ಅಗಲವಾದಾಗಲೆಲ್ಲ ಫುಟ್‌ಪಾತ್ ಸಣ್ಣದಾಯಿತು. ನನ್ನ ಬುಟ್ಟಿ ಪ್ರತಿ ವರ್ಷ ಒಂದು ಅಡಿ ಹಿಂದೆ ಸರಿದು ಕೊನೆಗೆ ಮೆಟ್ಟಿಲಿಗೆ ಬೆನ್ನು ಕೊಟ್ಟು ನಿಂತಿತು. ಇನ್ನು ಹಿಂದೆ ಹೋಗಬೇಕೆಂದರೆ ಅಂಗಡಿಯೊಳಗೆ ಹೋಗಿ ಮಾತ್ರೆ ಮಾರಬೇಕು.

ಅಲ್ಲಿಯ ಜನ ಚೆನ್ನಾಗಿ ಬದುಕುತ್ತಾರೆ, ಅದನ್ನು ಒಪ್ಪಬೇಕು. ಹೊಟ್ಟೆಕಿಚ್ಚು ಇಲ್ಲವೆಂದರೆ ಸುಳ್ಳಾಗುತ್ತದೆ. ಮೀನು ಮನೆ ಬಾಗಿಲಿಗೆ ಬರುತ್ತದೆ, ಬ್ಯಾಂಕು ಗಲ್ಲಿಗೊಂದು, ಆಸ್ಪತ್ರೆ ಬೀದಿಗೆರಡು. ಹೆಣ್ಣುಮಕ್ಕಳು ರೇನ್‌ಕೋಟ್ ತೊಟ್ಟು ತಮ್ಮ ಸ್ಕೂಟರಿನಲ್ಲಿ ತಾವೇ ಕಾಲೇಜಿಗೆ ಹೋಗುತ್ತಾರೆ. ಎಪ್ಪತ್ತು ದಾಟಿದ ಹೆಂಗಸರು ಶುಗರ್ ಟೆಸ್ಟಿನ ಚೀಟಿ ಹಿಡಿದು ಒಬ್ಬರೇ ನಡೆದುಬರುತ್ತಾರೆ. ನಮ್ಮ ಅತ್ತೆಗೆ ಶುಗರ್ ಇದೆಯೆಂದು ಗೊತ್ತಾದದ್ದು ಕಾಲಿನ ಗಾಯ ಮಾಗದೆ ಹೋದ ಮೇಲೆ. ಆದರೆ ನನ್ನನ್ನು ಕೇಳಿದರೆ, ಒಂದು ಊರು ಎಷ್ಟು ಸುಖವಾಗಿದೆ ಎಂಬುದನ್ನು ಫುಟ್‌ಪಾತಿನಲ್ಲಿ ಕೂತ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಎಷ್ಟು ನೀರು ಕುಡಿಯುವ ಧೈರ್ಯ ಮಾಡುತ್ತಾಳೆ ಎನ್ನುವುದರಿಂದ ಹೇಳಬಹುದು. ಮೊದಮೊದಲು ಹೋಟೆಲಿನವರು ಹಿಂದಿನ ಬಾಗಿಲಿನಿಂದ ಬಚ್ಚಲಿಗೆ ಬಿಡುತ್ತಿದ್ದರು. ಆ ಹೋಟೆಲು ಹೋಗಿ ಗಾಜಿನ ಕಟ್ಟಡ ಬಂತು. ಗಾಜಿನ ಬಾಗಿಲಲ್ಲಿ ಯೂನಿಫಾರ್ಮಿನವನು ನಿಂತ. ಹೂವಿನ ಕೊಳೆ ಮೆತ್ತಿದ ಸೀರೆ ನೋಡಿದರೆ ಅವನ ಕೈ ತಾನಾಗಿಯೇ ಅಡ್ಡ ಬರುತ್ತದೆ. ಪಾಪ, ಅವನೂ ಯಾವುದೋ ಬೇರೆ ಊರಿನವನೇ.

ಒಂದು ಸಲ ಕಾಲೇಜಿನ ಹುಡುಗಿಯೊಬ್ಬಳು ಕಾಗದ ಹಿಡಿದುಕೊಂಡು ಬಂದಳು. ಊರಿನ ಜನರ ಜೀವನಮಟ್ಟ ಹೇಗಿದೆ ಎಂದು ಕೇಳಿ ಬರೆದುಕೊಳ್ಳುವ ಪ್ರಾಜೆಕ್ಟಂತೆ. "ಈ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅಮ್ಮ?" ಎಂದಳು.

"ಎಷ್ಟೋ ವರ್ಸದಿಂದ ಬತ್ತಿವ್ನಿ ಕಣವ್ವ. ಚೌತಿಗೆ ಐದು ದಿನ, ಆಯುಧಪೂಜೆಗೆ ನಾಕು ದಿನ."

ಹುಡುಗಿ ಪೆನ್ನಿನ ತುದಿ ಕಚ್ಚಿ ಯೋಚಿಸಿದಳು. "ಹಾಗಾದ್ರೆ ನಿಮ್ಮನ್ನು ಸೇರಿಸ್ಲಿಕ್ಕೆ ಆಗುದಿಲ್ಲ" ಎಂದು ಬೇಸರದಿಂದಲೇ ಹೇಳಿದಳು. ಅವಳ ಬೇಸರ ನಿಜವಾದದ್ದು. ಒಂದು ತುಂಡು ಹೂವು ಕೊಂಡು ಮುಡಿದುಕೊಂಡು ಹೋದಳು.

ಆ ಊರಿನಲ್ಲಿ ನನ್ನನ್ನು ಸೇರಿಸಿಕೊಂಡವರು ಒಬ್ಬರೇ. ಬ್ಯಾಂಕಿನಿಂದ ರಿಟೈರ್ ಆದವರು. ನಾನು ಅವರನ್ನು ಕರೆಯುತ್ತಿದ್ದುದೇ ಬ್ಯಾಂಕಿನಮ್ಮ ಎಂದು. ಎದುರಿನ ಹೆಂಚಿನ ಮನೆಗಳಲ್ಲಿ ಒಂದು ಅವರದು. ಎರಡನೆಯ ವರ್ಷವೋ ಮೂರನೆಯ ವರ್ಷವೋ, ತಂಗಿ ಜೊತೆಗೆ ಬರತೊಡಗುವ ಮೊದಲು, ನಾನು ಹೊಟ್ಟೆ ಹಿಡಿದುಕೊಂಡು ಕೂತಿದ್ದನ್ನು ನೋಡಿ ಏನೂ ಕೇಳದೆ "ಹೋಗಿ ಬನ್ನಿ ನೀವು, ಹೂವು ನಾನು ನೋಡಿಕೊಳ್ತೇನೆ, ಬಚ್ಚಲು ಹಿತ್ತಲಲ್ಲುಂಟು" ಎಂದರು. ಬ್ಯಾಂಕಿನಲ್ಲಿ ಕುರ್ಚಿ ಮೇಲೆ ಕೂತಿದ್ದ ಹೆಂಗಸು ನನ್ನ ಬುಟ್ಟಿಯ ಹಿಂದೆ ಮಣೆ ಮೇಲೆ ಕೂತರು. ಅವತ್ತು ಸಂಜೆ ಒಂದು ಮಾರು ಹೂವು ತೆಗೆದುಕೊಂಡು ಹೋಗಿ ಅವರ ಬಾಗಿಲಿಗೆ ನಾನೇ ಕಟ್ಟಿದೆ. ಹಲಸಿನ ಮರದ ಚೌಕಟ್ಟು, ಎರಡು ಪಕ್ಕದಲ್ಲೂ ಒಂದೊಂದು ಗಿಳಿ ಕೆತ್ತಿದ್ದರು. ನನ್ನ ಒಂದು ಮಾರು ಸರವನ್ನು ನಡುವೆ ಹಿಡಿದು ಹಾಯಿಸಿದರೆ ಎರಡು ತುದಿಗಳೂ ಇಳಿದು ಗಿಳಿಗಳ ಕೊಕ್ಕಿಗೆ ಸರಿಯಾಗಿ ಮುಟ್ಟಿದವು. ಬ್ಯಾಂಕಿನಮ್ಮನಿಗೆ ಬಹಳ ಖುಷಿಯಾಯಿತು. "ನಿಮ್ಮ ಕೈ ನನ್ನ ಬಾಗಿಲಿನ ಅಳತೆಗೇ ಮಾಡಿದ್ದು" ಎಂದರು. ಅಂದಿನಿಂದ ಪ್ರತಿ ಚೌತಿಗೂ ಆ ಬಾಗಿಲಿಗೆ ನನ್ನ ಹೂವೇ. ಮಧ್ಯಾಹ್ನ ಕಾಫಿಯೂ ಬರುತ್ತಿತ್ತು, ಚಟ್ಟಂಬಡೆಯೂ ಬರುತ್ತಿತ್ತು.

ಅವರ ಮನೆಯೂ ಹೋಯಿತು. ಅಣ್ಣತಮ್ಮಂದಿರೆಲ್ಲ ಸೇರಿ ಬಿಲ್ಡರಿಗೆ ಕೊಟ್ಟರು. ಅದೇ ಜಾಗದಲ್ಲಿ ಎದ್ದ ಕಟ್ಟಡದ ಏಳನೆಯ ಮಹಡಿಯಲ್ಲಿ ಅವರಿಗೊಂದು ಫ್ಲಾಟು ಬಂತು. ನಾನು ಮೇಲೆ ಹೋಗಲಿಲ್ಲ. ಕರೆದರು, ನಾನೇ ಹೋಗಲಿಲ್ಲ. ಕೆಳಗೆ ರಿಜಿಸ್ಟರಿನಲ್ಲಿ ಹೆಸರು, ಊರು, ಯಾಕೆ ಬಂದಿರಿ ಎಂದು ಬರೆಯಬೇಕಾಗಿತ್ತು. ಬಚ್ಚಲಿಗೆ ಎಂದು ಹೇಗೆ ಬರೆಯುವುದು?

ಫ್ಲಾಟುಗಳು ಹೆಚ್ಚಾದ ಮೇಲೆ ಅಲ್ಲಿಯ ನಿವಾಸಿಗಳದೊಂದು ಸಂಘ ಆಯಿತು. ಹಬ್ಬಕ್ಕೆ ಹೊರಗಿನಿಂದ ಬರುವ ಹೂವಿನವರು ಕೊಳೆತ ಹೂವು ಬಿಟ್ಟು ಹೋಗುತ್ತಾರೆ, ಅಳತೆಯಲ್ಲಿ ಮೋಸ ಮಾಡುತ್ತಾರೆ ಎಂದು ದೂರು. ಎರಡೂ ಸುಳ್ಳಲ್ಲ. ಮೊಣಕೈ ಮಡಚುವವರು ನಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ. ಅದಕ್ಕೆ ಒಂದು ಪದ್ಧತಿ ಮಾಡಿದರು. ಇಲ್ಲಿ ಕೂರಬೇಕಾದರೆ ಇಲ್ಲಿಯ ನಿವಾಸಿಯೊಬ್ಬರು 'ಇವರನ್ನು ನಾನು ಬಲ್ಲೆ, ನಂಬಿಕಸ್ಥರು' ಎಂದು ಒಂದು ಫಾರಂ ಮೇಲೆ ಸಹಿ ಹಾಕಬೇಕು. ಎಷ್ಟು ವರ್ಷದ ಪರಿಚಯ ಎಂದು ಬರೆಯಲು ಅದರಲ್ಲೊಂದು ಜಾಗ. ಪ್ರತಿ ಹಬ್ಬಕ್ಕೂ ಹೊಸ ಫಾರಂ. ಸಹಿ ಇಲ್ಲದವರು ಬಸ್ ಸ್ಟ್ಯಾಂಡಿನ ಹಿಂದಿನ ಬಯಲಿಗೆ ಹೋಗಬೇಕು. ಅಲ್ಲಿಗೆ ಹೂವು ಕೊಳ್ಳಲು ಯಾರೂ ಬರುವುದಿಲ್ಲ, ಹೂವು ಕೊಳೆಯುತ್ತದೆ, ಅಷ್ಟೇ. ನನಗೆ ಬ್ಯಾಂಕಿನಮ್ಮ ಸಹಿ ಹಾಕುತ್ತಿದ್ದರು. ಫಾರಮ್ಮನ್ನು ಮಂಡಿಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ವರ್ಷಗಳನ್ನು ಬೆರಳಲ್ಲಿ ಎಣಿಸಿ ಬರೆಯುತ್ತಿದ್ದರು. ಅದನ್ನು ನೋಡುವಾಗ ನನಗೆ ಒಳಗೊಳಗೇ ಗರ್ವ. ಪಕ್ಕದ ಹೂವಿನವರಿಗೆ ಕೇಳುವಂತೆ "ನಿಧಾನಕ್ಕೆ ಬರೀರಿ ಅಮ್ಮಾ, ಆತುರ ಏನಿಲ್ಲ" ಎನ್ನುತ್ತಿದ್ದೆ.

ಇನ್ನು ನನ್ನ ಭುಜದ ವಿಷಯ. ಎಡಭುಜ ಯಾವಾಗ ಹಿಡಿದುಕೊಂಡಿತು ಎಂದು ಹೇಳಲಾರೆ. ಮೊದಲು ರವಿಕೆಯ ಹುಕ್ಕು ಹಾಕುವಾಗ ಚುರುಕ್ ಎನ್ನುತ್ತಿತ್ತು. ಆಮೇಲೆ ಅಟ್ಟದಿಂದ ಪಾತ್ರೆ ತೆಗೆಯುವುದು ಬಿಟ್ಟೆ. ಆಮೇಲೆ ಜಡೆ ಹಾಕಿಕೊಳ್ಳುವುದು ಬಿಟ್ಟು ಗಂಟು ಕಟ್ಟಿಕೊಂಡೆ. ಹಾಸನದ ಡಾಕ್ಟರು ಕೈಯನ್ನು ಹಿಡಿದು ಮೇಲೆತ್ತಿ, ನಾನು ಕಿರುಚಿದ ಮೇಲೆ ಇಳಿಸಿ, ದಿನಾ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸಿ ವ್ಯಾಯಾಮ ಮಾಡಿ ಎಂದರು. ಹಸು ಕರೆದು, ಹೂವು ಬಿಡಿಸಿ, ಅಡಿಗೆ ಮಾಡಿ ಮುಗಿಸಿದ ಮೇಲೆ ಗೋಡೆ ಹತ್ತುವುದು ಯಾರು? ಮಾತ್ರೆ ನುಂಗಿದೆ. ನೋವು ಇಳಿಯಿತು, ಕೈ ಎಷ್ಟಕ್ಕೆ ನಿಂತಿತ್ತೋ ಅಷ್ಟಕ್ಕೇ ನಿಂತಿತು.

ಅಷ್ಟು ವರ್ಷ ನನ್ನ ಜೊತೆ ಹೂವು ಕಟ್ಟಲು ಬರುತ್ತಿದ್ದವಳು ತಂಗಿ, ಹೊಳೆನರಸೀಪುರಕ್ಕೆ ಕೊಟ್ಟವಳು. ಅವಳು ಹಾಸನದ ಗಾರ್ಮೆಂಟ್ಸಿಗೆ ಸೇರಿದಳು. ಫ್ಯಾನಿನ ಕೆಳಗೆ ಕೂತು ತಿಂಗಳ ಸಂಬಳ ತೆಗೆದುಕೊಳ್ಳುವವಳನ್ನು ಫುಟ್‌ಪಾತಿಗೆ ಬಾ ಎನ್ನಲು ನನಗೇನು ಹಕ್ಕು? ಹಾಗಾಗಿ ಕಳೆದ ಚೌತಿಗೆ ಸೊಸೆ ಬಂದಳು. ಅರಕಲಗೂಡು ತಾಲ್ಲೂಕಿನ ಹುಡುಗಿ, ರುದ್ರಪಟ್ಟಣದ ಪಕ್ಕದ ಊರು. ಬಿ.ಕಾಂ. ಓದಿದ್ದಾಳೆ, ನನಗಿಂತ ಒಂದು ತಲೆ ಎತ್ತರ, ಮಾತು ಕಡಿಮೆ. ಮಾತು ಕಡಿಮೆಯವರನ್ನು ಕಂಡರೆ ನನಗೆ ಸ್ವಲ್ಪ ಭಯ. ಅವರು ಏನೇನು ನೋಡಿಟ್ಟುಕೊಂಡಿರುತ್ತಾರೋ ಗೊತ್ತಾಗುವುದಿಲ್ಲ.

ಮೊದಲ ದಿನ ಬೆಳಗ್ಗೆ ಮೂಟೆ ಬಿಚ್ಚಿ, ಟಾರ್ಪಾಲು ಕಟ್ಟಿ, ಹೂವಿನ ಮೇಲೆ ಹಸಿ ಬಟ್ಟೆ ಹೊದಿಸಿದ ಮೇಲೆ ಅವಳು ಬ್ಯಾಗಿನಿಂದ ದರ್ಜಿಯ ಟೇಪು ತೆಗೆದಳು.

"ಅತ್ತೆ, ಇದ್ರಲ್ಲಿ ಅಳಿಯಾನ. ನಿಮ್ಗೂ ಎದ್ದು ಕೂತು ಮಾಡೋದು ತಪ್ತದೆ."

"ಮಾರು ಅಂದ್ರೆ ಮೀಟ್ರಲ್ಲ ಕಣವ್ವ. ಬಟ್ಟೆ ಅಂಗ್ಡಿ ಇಕ್ಕಂಡಿದೀವ ನಾವು?"

"ಅಂಗಲ್ಲ ಅತ್ತೆ. ಇಲ್ಲಾಂದ್ರೆ ನಾನಾದ್ರೂ ಅಳ್ದು ಕೊಡ್ತೀನಿ, ನೀವು ಕೂತಿರಿ."

"ಒಂದು ಬುಟ್ಟಿಗೆ ಒಂದೇ ಕೈ. ನಮ್ಮತ್ತೆ ಯೋಳಿದ್ದು. ನಿಮ್ಮತ್ತೇನೂ ಅದ್ನೇ ಯೋಳ್ತಾವ್ಳೆ. ತಿಳೀತಾ?"

ಅವಳು ಟೇಪನ್ನು ಸುತ್ತಿ ಒಳಗಿಟ್ಟಳು. ಮೂರು ದಿನ ಮಳೆ ಬಂತು, ನಿಂತಿತು, ಬಂತು. ಜನವೂ ಹಾಗೇ. ನಾನು ಎದ್ದೆ, ಗದ್ದ ಎತ್ತಿದೆ, ಕೈ ಚಾಚಿದೆ, ಕೂತೆ. ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತೇನೆ, ನನ್ನ ಲೆಕ್ಕಕ್ಕೆ ನನ್ನ ಎರಡು ಕೈಗಳೂ ನೇರವಾಗಿದ್ದವು. ಒಂದಿಬ್ಬರು ಗಿರಾಕಿಗಳು "ಎಂತ, ಈ ಸಲ ಮಾರು ಸಣ್ಣ ಉಂಟಲ್ಲ?" ಎಂದರು. ಚೌಕಾಶಿ ಮಾಡುವವರ ಮಾತು ಎಂದುಕೊಂಡೆ. ಅಂಥವರ ಬಾಯಿ ಮುಚ್ಚಿಸುವ ಮಾತುಗಳು ನನ್ನ ಹತ್ತಿರ ಬೇಕಾದಷ್ಟಿವೆ. "ಹೂವು ದೊಡ್ಡದೈತೆ ತಾಯಿ, ಅದ್ಕೆ ಮಾರು ಸಣ್ಣದಾಗಿ ಕಾಣ್ತದೆ" ಎಂದೆ. ನಕ್ಕರು, ಹೋದರು.

ಚೌತಿಯ ಹಿಂದಿನ ದಿನ ಬ್ಯಾಂಕಿನಮ್ಮ ಬಂದು ಮೂರು ಮಾರು ಒಯ್ದಿದ್ದರು. ಆಗ ನೂಕುನುಗ್ಗಲು, ಮಾತನಾಡಲು ಆಗಲಿಲ್ಲ. ಮುಂದಿನ ಆಯುಧಪೂಜೆಯ ಫಾರಂ ಅವರ ಕೈಗೆ ಕೊಟ್ಟು, "ನಿಧಾನಕ್ಕೆ ಬರ್ದು ಕೊಡಿ ಅಮ್ಮಾ" ಎಂದೆ. ಚೌತಿಯ ದಿನ ಬೆಳಗ್ಗೆ, ಇನ್ನೂ ಗಿರಾಕಿಗಳು ಮುತ್ತಿಕೊಂಡಿರುವಾಗಲೇ ಅವರು ರಸ್ತೆ ದಾಟಿ ಬರುವುದು ಕಂಡಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹೂವಿನ ಚೀಲ. ಕಾಫಿ ಇರಲಿಲ್ಲ.

"ಬಾಗಿಲಿಗೆ ಸಾಕಾಗ್ಲಿಲ್ಲ ಮಾರಾಯ್ತಿ" ಎಂದರು, ಮೆಲ್ಲಗೆ.

ಅವರು ಮೆಲ್ಲಗೆ ಹೇಳಿದ್ದೇ ನನ್ನನ್ನು ಕೆರಳಿಸಿತು. ಸುತ್ತ ಏಳೆಂಟು ಜನ ನಿಂತಿದ್ದರು. ಮೂರು ದಿನ ಸರಿಯಾಗಿ ಉಂಡಿರಲಿಲ್ಲ, ನಿದ್ದೆ ಇರಲಿಲ್ಲ, ಭುಜ ಸುಡುತ್ತಿತ್ತು. ಇಷ್ಟು ವರ್ಷ ನೋಡಿದವರು ಹೀಗೆ ನಾಲ್ಕು ಜನರ ಮುಂದೆ ಬಂದು ನಿಲ್ಲುವುದೇ ಎಂದು ತಲೆಗೆ ರಕ್ತ ಏರಿತು.

"ನನ್ ಮಾರು ಸರ್ಯಾಗೇ ಐತೆ ಅಮ್ಮಾ" ಎಂದೆ, ಎಲ್ಲರಿಗೂ ಕೇಳುವಂತೆ. "ನಿಮ್ ಬಾಗ್ಲು ದೊಡ್ಡದಾಗೈತೆ. ಫ್ಲಾಟಲ್ವಾ? ರಸ್ತೆ ದೊಡ್ಡದಾಯ್ತು, ಮನೆ ದೊಡ್ಡದಾಯ್ತು, ಬಾಗ್ಲು ದೊಡ್ಡದಾಯ್ತು. ನಾವು ಮಾತ್ರ ಇದ್ದಂಗೇ ಇದೀವಿ. ನೀವು ಬೆಳೆದ್ರೆ ನಮ್ ಕೈ ಎಲ್ಲಿಂದ ಬೆಳೀಬೇಕು?"

ಒಬ್ಬಿಬ್ಬರು ನಕ್ಕರು. ಒಳ್ಳೆಯ ಮಾತು ಆಡಿದೆ ಎಂದು ನನಗೂ ಅನ್ನಿಸಿತು. ಬ್ಯಾಂಕಿನಮ್ಮ ನಗಲಿಲ್ಲ.

"ಬಾಗಿಲು ಅದೇ" ಎಂದರು. "ಹಳೆ ಮನೆ ಕೆಡವುವಾಗ ನಾನು ಹಟ ಮಾಡಿ ಆ ಚೌಕಟ್ಟು ತೆಗೆಸಿ ಇಟ್ಟಿದ್ದೆ. ಈಗ ಮೇಲೆ ಫ್ಲಾಟಿಗೆ ಅದನ್ನೇ ಕೂರಿಸಿದ್ದು. ಅದೇ ಗಿಳಿ. ನೀವು ಒಂದು ಸಲ ಬಂದು ನೋಡಿದ್ರೆ ಗೊತ್ತಾಗ್ತಿತ್ತು."

ಅಭ್ಯಾಸ ಬಲದಿಂದ ಎದ್ದು ನಿಂತೆ, ಬುಟ್ಟಿಯಿಂದ ಒಂದು ಸರ ಎಳೆದೆ, ಗದ್ದ ಎತ್ತಿದೆ, ಕೈ ಚಾಚಿದೆ. "ನೋಡಿ, ನೀವೇ ನೋಡಿ. ಇದು ಮಾರಲ್ವಾ?"

ಬ್ಯಾಂಕಿನಮ್ಮ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಸೊಸೆ ಎದ್ದು ನನ್ನ ಪಕ್ಕಕ್ಕೆ ಬಂದು ಕಿವಿಯ ಹತ್ತಿರ ಹೇಳಿದಳು: "ಅತ್ತೆ, ಎಡಗೈ ಮೇಲಕ್ಕೇ ಬತ್ತಿಲ್ಲ. ಮೊಣಕೈ ಮಡ್ಚ್ಕಂಡೈತೆ."

ತಿರುಗಿ ನೋಡಿಕೊಂಡೆ. ಬಲಗೈ ಭುಜದ ಮಟ್ಟಕ್ಕೆ ನೆಟ್ಟಗೆ ಚಾಚಿತ್ತು. ಎಡಗೈ ಸೊಂಟಕ್ಕಿಂತ ಸ್ವಲ್ಪ ಮೇಲೆ ನಿಂತು, ಮೊಣಕೈಯಲ್ಲಿ ಬಾಗಿ, ಬೆರಳು ಹೊಟ್ಟೆಯ ಕಡೆಗೇ ತಿರುಗಿತ್ತು. ಮೊಣಕೈ ಮಡಚುವ ಕಳ್ಳಿಯರನ್ನು ನಾನು ಎಷ್ಟು ಬೈದಿದ್ದೆನೋ, ಅವರೆಲ್ಲರಿಗಿಂತ ಚೆನ್ನಾಗಿ ಮಡಚಿತ್ತು. ನೇರ ಮಾಡಲು ನೋಡಿದೆ. ಆಗಲಿಲ್ಲ. ಮತ್ತೆ ನೋಡಿದೆ, ಕಣ್ಣಲ್ಲಿ ನೀರು ಬಂತು, ಕೈ ಬರಲಿಲ್ಲ. ಸೊಸೆ ಸರವನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡಳು. ಅವಳಿಗೆ ಇದು ಊರಿನಲ್ಲೇ ಗೊತ್ತಿತ್ತು. ಟೇಪು ತಂದದ್ದು ಅದಕ್ಕೇ. ನನ್ನ ಮುಖಕ್ಕೆ ಹೇಳಲಾರದೆ ಟೇಪು ತಂದಿದ್ದಳು.

ನಿಂತಿದ್ದ ಗಿರಾಕಿಗಳಲ್ಲಿ ಒಬ್ಬಾಕೆ ತನ್ನ ಚೀಲ ತೆರೆದು ಹೂವನ್ನು ನೋಡಿಕೊಂಡಳು. ನಾನು ಆ ಚೀಲವನ್ನು ನೋಡಲಾರದೆ ಕೂತುಬಿಟ್ಟೆ. ಮೂರು ದಿನಗಳಲ್ಲಿ ಎಷ್ಟು ಜನ ಬಂದು ಹೋಗಿದ್ದರು! ಯಾವ ಬಾಗಿಲಿಗೂ ಮುಟ್ಟದ, ಯಾವ ಗಣಪತಿಗೂ ಸಾಕಾಗದ ಸರಗಳು ಆ ಊರಿನ ತುಂಬ ನೇತಾಡುತ್ತಿದ್ದವು. ಅವರನ್ನೆಲ್ಲ ಎಲ್ಲಿ ಹುಡುಕುವುದು? ಹೂವು ದೊಡ್ಡದು, ಮಾರು ಸಣ್ಣ ಕಾಣುತ್ತದೆ ಎಂದು ನಗಿಸಿ ಕಳಿಸಿದ್ದೆನಲ್ಲ.

ಸೊಸೆ ಉಳಿದವರಿಗೆಲ್ಲ ಅಳೆದು ಕೊಟ್ಟಳು. ಆ ಚೀಲ ತೆರೆದ ಹೆಂಗಸಿಗೆ ಕಡಿಮೆ ಬಿದ್ದದ್ದನ್ನು ಸೇರಿಸಿ ಕೊಟ್ಟಳು. ಜನ ಕರಗಿದ ಮೇಲೆ ಬ್ಯಾಂಕಿನಮ್ಮ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕೂತರು.

"ಕೈ ಹೀಗಾಗಿ ಎಷ್ಟು ಸಮಯ ಆಯ್ತು?"

"ಎಲ್ಡು ವರ್ಸ ಆಗಿರ್ಬೇಕು."

"ಹಾಗಾದ್ರೆ ಹೋದ ವರ್ಷವೂ ಅದೇ" ಎಂದರು, ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ.

"ಓದೊರ್ಸ ಏನಾಯ್ತು ಅಮ್ಮಾ?"

"ಹೋದ ವರ್ಷವೂ ಗಿಳಿಗೆ ಮುಟ್ಟಲಿಲ್ಲ. ಇಷ್ಟು ಅಲ್ಲ, ಸ್ವಲ್ಪ ಕಮ್ಮಿ."

"ಮತ್ತೆ ಯಾಕೆ ಯೋಳ್ನಿಲ್ಲ?"

ಅವರು ಕೊಡೆಯ ಹಿಡಿಯನ್ನು ಉಜ್ಜುತ್ತ ಕೂತರು. "ಏನೋ ಕಷ್ಟ ಇರಬಹುದು ಅಂತ ಅಂದುಕೊಂಡೆ" ಎಂದರು. "ಎಲ್ಲರೂ ಮಾಡ್ತಾರಲ್ಲ, ಇವರೂ ಶುರು ಮಾಡಿದ್ರು ಅಂತ. ಬೇಸರ ಆಯ್ತು. ಆದ್ರೆ ಒಂದು ಗೇಣು ಹೂವಿಗೆ ನಿಮ್ಮ ಜಾಗ ತಪ್ಪಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ಈ ಸಲ ಸಂಘದವರೂ ಕೇಳಿದ್ರು, ಆ ಹಾಸನದವರ ಮಾರು ಗಿಡ್ಡ ಉಂಟು, ನೀವು ಹೇಗೆ ಸಹಿ ಹಾಕ್ತೀರಿ ಅಂತ. ಅದಕ್ಕೇ ಇವತ್ತು ಬಂದು ಹೇಳಿದ್ದು."

ಮೋಸ ಮಾಡಿ ಸಿಕ್ಕಿಬಿದ್ದಿದ್ದರೆ ನಾನು ಜಗಳವಾಡುತ್ತಿದ್ದೆ, ಆ ವಿದ್ಯೆ ನನಗೆ ಬರುತ್ತದೆ. ಮಾಡದ ಮೋಸಕ್ಕೆ ಒಂದು ವರ್ಷದ ಹಿಂದೆಯೇ ಕ್ಷಮೆ ಸಿಕ್ಕಿತ್ತು ಎಂದಾಗ ಏನು ಮಾಡುವುದೆಂದು ತಿಳಿಯಲಿಲ್ಲ. ನಾನು ಕಳ್ಳಿಯಲ್ಲ ಎಂದು ಅವರಿಗೆ ಈಗ ಗೊತ್ತಾಗಿತ್ತು. ಅದರಿಂದ ಅವರಿಗೆ ಸಮಾಧಾನವಾಗಿದ್ದೂ ಮುಖದಲ್ಲಿ ಕಾಣುತ್ತಿತ್ತು. ನನಗೆ ಮಾತ್ರ ಹಿಂದಿನ ವರ್ಷದ ಚೌತಿಯ ಕಾಫಿಯಿಂದ ಹಿಡಿದು ಎಲ್ಲವೂ ಬೇರೆ ರುಚಿಯಾಯಿತು. ಅವರು ಕಳ್ಳಿಗೆ ಕಾಫಿ ತಂದುಕೊಟ್ಟಿದ್ದರು. ನಾನು ಗರ್ವದಿಂದ ಕುಡಿದಿದ್ದೆ.

ಅವರು ಚೀಲದಿಂದ ಫಾರಂ ತೆಗೆದರು. ಇನ್ನೂ ಖಾಲಿಯಿತ್ತು. "ಬರೀಲಾ?" ಎಂದು ಕನ್ನಡಕ ಏರಿಸಿಕೊಂಡರು. ಪೆನ್ನು ನನ್ನ ಹೆಸರಿನ ಮೊದಲ ಅಕ್ಷರಕ್ಕೆ ಹೋಗಿತ್ತು.

"ನನ್ದು ಬ್ಯಾಡ ಅಮ್ಮಾ" ಎಂದೆ. "ಇವಳ ಎಸ್ರಲ್ಲಿ ಬರೀರಿ. ಇನ್ಮೇಲೆ ಬುಟ್ಟಿ ಇವಳ್ದು."

ಸೊಸೆ ತಲೆ ಎತ್ತಿ ನನ್ನನ್ನು ನೋಡಿದಳು. ಬ್ಯಾಂಕಿನಮ್ಮ ಅವಳ ಹೆಸರು ಕೇಳಿ ಬರೆದರು. ನಂಬಿಕಸ್ಥರು ಎಂಬ ಸಾಲಿನ ಕೆಳಗೆ ಸಹಿ ಹಾಕಿದರು. ಎಷ್ಟು ವರ್ಷದ ಪರಿಚಯ ಎನ್ನುವಲ್ಲಿಗೆ ಬಂದು ಪೆನ್ನು ನಿಂತಿತು. ಅವಳ ಮುಖ ನೋಡಿದರು, ಅವಳು ಈಗಷ್ಟೇ ಅಳೆದಿಟ್ಟಿದ್ದ ಸರ ನೋಡಿದರು, 'ಇಂದಿನಿಂದ' ಎಂದು ಬರೆದರು. ಹಿಂದಿನ ಸಲ ಇದೇ ಜಾಗದಲ್ಲಿ, ನನ್ನ ಹೆಸರಿನ ಕೆಳಗೆ, ಅವರು ಅಷ್ಟೂ ವರ್ಷಗಳನ್ನು ಬೆರಳಲ್ಲಿ ಎಣಿಸಿ ಬರೆದಿದ್ದರು, ನನ್ನನ್ನು ಕಳ್ಳಿ ಎಂದು ತಿಳಿದುಕೊಂಡೇ.